ಮದ್ದಲೆಗೆ ಮೈಕ್ ಎಲ್ಲಿಡಬೇಕು?

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಾರ್ಕಳದ ಸುತ್ತಮುತ್ತ ತಾಳಮದ್ದಲೆಯ ಕಾಲ. ಧ್ವನಿಮುದ್ರಣಕ್ಕೆ ಕೂತವರ ಗಮನವೆಲ್ಲ ಅರ್ಥಧಾರಿಗಳ ಮಾತಿನ ಮೇಲೆ. ಮದ್ದಲೆಗೆ ಉಳಿದ ಮೈಕೊಂದನ್ನು ಇಟ್ಟರಾಯಿತು. ಆಮೇಲೆ ಕೇಳಿದರೆ ಬೆರಳಿನ ಟಕಟಕ ಇದೆ, ನಾದ ಇಲ್ಲ.

ಬರೀ ಚರ್ಮ ಬಿಗಿದ ವೃತ್ತದಲ್ಲಿ ಮೂಲ ಕಂಪನ 1 ಎಂದಾದರೆ ಮುಂದಿನವು 1.59, 2.14, 2.30 ಪಟ್ಟು. ಒಂದಕ್ಕೊಂದು ಹೊಂದದ ಇವು ಕೂಡಿದರೆ ಕೇಳುವುದು ಬರೀ ಸದ್ದು. ಬಲಮುಚ್ಚಿಗೆಯ ನಡುವೆ ಮೆತ್ತಿದ ಕರ್ಣೆಯ ಭಾರ ಅವನ್ನು 1, 2, 3ರ ಸಾಲಿನ ಹತ್ತಿರಕ್ಕೆ ತರುತ್ತದೆ. ಮೃದಂಗ, ತಬಲಾಗಳ ಈ ಗುಟ್ಟನ್ನು ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲೂ 1934ರಲ್ಲಿ ಇನ್ನಷ್ಟು ವಿಸ್ತಾರವಾಗಿಯೂ ಬರೆದರು. ಮದ್ದಲೆಯೂ ಅದೇ ಕುಲದ್ದು. ಚರ್ಮದ ಬೇರೆ ಬೇರೆ ಭಾಗ ಬೇರೆ ಬೇರೆ ಕಂಪನಗಳನ್ನು ಹೊಮ್ಮಿಸುವುದರಿಂದ ಮುಚ್ಚಿಗೆಗೆ ಅಂಟಿಸಿದಂತಿಟ್ಟ ಮೈಕಿಗೆ ಒಂದು ತುಂಡು ಮಾತ್ರ ಸಿಗುತ್ತದೆ. 15–20 ಸೆಂ.ಮೀ. ಹಿಂದೆ ಸರಿಸಿ, ಕೈಯಾಟಕ್ಕೆ ಅಡ್ಡವಾಗದಂತೆ ಓರೆಯಾಗಿಟ್ಟರೆ ಅವೆಲ್ಲ ಬೆರೆತು ಬರುತ್ತವೆ.

ಇನ್ನೂ ಹಿಂದೆ ಸರಿಸೋಣವೆಂದರೆ ಪಕ್ಕದಲ್ಲೇ ಚೆಂಡೆ! ಕೋಲಿನ ಪೆಟ್ಟಿನ ಮುಂದೆ ಬೆರಳಿನ ಪೆಟ್ಟು ಎಷ್ಟರದ್ದು? ಮದ್ದಲೆ 15 ಸೆಂ.ಮೀ., ಚೆಂಡೆ ಒಂದೂವರೆ ಮೀಟರ್ ದೂರದಲ್ಲಿದ್ದರೆ ದೂರದ ಲೆಕ್ಕದಲ್ಲೇ ಮದ್ದಲೆಗೆ ಸುಮಾರು 20 ಡೆಸಿಬೆಲ್ ಮೇಲುಗೈ. ಮೈಕನ್ನು 30 ಸೆಂ.ಮೀ.ಗೆ ಒಯ್ದರೆ ಅದರಲ್ಲಿ 6 ಹೋಯಿತು. ಹಾಗಾಗಿ ನಾನು ಮೊದಲು ನೋಡುವುದು ಮೈಕಿನ ಕಿವುಡು ಬದಿಯನ್ನು. ಬೆಲೆ, ಬ್ರಾಂಡ್ ಆಮೇಲೆ. ಕಾರ್ಡಿಯಾಯ್ಡ್ ಮೈಕ್ ನೇರ ಹಿಂಬದಿಗೆ ಕಿವುಡು, ಸೂಪರ್‌ಕಾರ್ಡಿಯಾಯ್ಡ್ ಸುಮಾರು 126 ಡಿಗ್ರಿಯಲ್ಲಿ, ಎಂದರೆ ಓರೆಯಾಗಿ ಹಿಂದಕ್ಕೆ. ಚೆಂಡೆಯವರು ಯಾವ ದಿಕ್ಕಿನಲ್ಲಿದ್ದಾರೆ ಎಂಬುದರ ಮೇಲೆ ಆಯ್ಕೆ. ಡೈನಾಮಿಕ್ ಮೈಕ್ ದೂರದ ಸದ್ದನ್ನು ಹಿಡಿಯುವುದೇ ಇಲ್ಲ ಎಂಬ ಮಾತು ಸೌಂಡಿನವರಲ್ಲಿ ಚಾಲ್ತಿಯಲ್ಲಿದೆ. ಅದನ್ನು ನಂಬಬೇಡಿ, ಹತ್ತಿರ ಇಡುವುದರಿಂದ ಹಾಗೆ ಕಾಣುತ್ತದೆ, ಅಷ್ಟೆ.

ಎಡಮುಚ್ಚಿಗೆಗೂ ಒಂದು ಮೈಕ್ ಇಟ್ಟಾಗ ವಿಚಿತ್ರವೊಂದು ನಡೆಯುತ್ತದೆ: ಎರಡನ್ನೂ ಕೂಡಿಸಿದರೆ ಗುಂಭ ಹೆಚ್ಚುವ ಬದಲು ತೆಳುವಾಗುತ್ತದೆ. ಎಡಗೈ ಪೆಟ್ಟಿಗೆ ಎಡದ ಚರ್ಮ ಒಳಕ್ಕೆ ಹೋದಾಗ ಕಳಸೆಯೊಳಗಿನ ಗಾಳಿ ಬಲದ ಚರ್ಮವನ್ನು ಹೊರಕ್ಕೆ ತಳ್ಳುತ್ತದೆ. ಒಂದು ಮೈಕಿಗೆ ಒತ್ತಡ ಇಳಿದಂತೆ, ಇನ್ನೊಂದಕ್ಕೆ ಏರಿದಂತೆ. ಕೂಡಿಸಿದಾಗ ಮಂದ್ರವೇ ವಜಾ. ಮಿಕ್ಸರಿನಲ್ಲಿ ಒಂದು ಚಾನೆಲ್ಲಿನ ಫೇಸ್ ಗುಂಡಿ ಒತ್ತಿ ನೋಡಿ, ‘ಧೋಂ’ ಮರಳಿ ಬರುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಕಂಡೆನ್ಸರ್ ಮೈಕಿನ ಹಗುರ ಪೊರೆ ಬೆರಳಿನ ಚುರುಕನ್ನು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಆಟಿಯ ತೇವಕ್ಕೆ ಅದು ಚಟಪಟ ಎನ್ನತೊಡಗುವುದುಂಟು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಬೇಕು, ಕೈಗೊಂದು ಡೈನಾಮಿಕ್ ಸಿಗುವಂತಿರಬೇಕು. ಅದೇ ತೇವಕ್ಕೆ ಮುಚ್ಚಿಗೆಯೂ ಸಡಿಲಾಗಿ ಶ್ರುತಿ ಇಳಿಯುತ್ತದೆ. ಮದ್ದಲೆಗಾರರು ಮತ್ತೆ ಶ್ರುತಿ ಸೇರಿಸುವಷ್ಟು ಹೊತ್ತು ರೆಕಾರ್ಡಿಂಗಿನವರು ಕಾಯಬೇಕು; ಭಾಗವತರ ಶ್ರುತಿಗೆ ಕೂಡದ ಮದ್ದಲೆಯನ್ನು ಯಾವ ಮೈಕೂ ಕೂಡಿಸಿ ಕೊಡುವುದಿಲ್ಲ.