ಹೈಡ್ರೋಜನ್ ಲಾರಿಯಿಂದ ಬರೋದು ಬರೀ ನೀರು: ಈ ಫಾರ್ವರ್ಡ್ ಎಷ್ಟು ನಿಜ?

"ಎಲೆಕ್ಟ್ರಿಕ್ ಲಾರಿ ಓಡೋದೂ ಕಲ್ಲಿದ್ದಲಿನಿಂದಲೇ, ಪ್ರಯೋಜನ ಇಲ್ಲ. ಹೈಡ್ರೋಜನ್ ಲಾರಿಯಿಂದ ಬರೋದು ಬರೀ ನೀರು!" ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಎರಡೂ ಅರ್ಧ ಸತ್ಯ. ಲಾರಿಯ ಹೊಗೆ ಕೊಳವೆಯನ್ನಷ್ಟೇ ನೋಡಿದರೆ ಸಾಲದು. ಇಂಧನ ತಯಾರಾಗುವಾಗ ಹೊರಬಿದ್ದ ಹೊಗೆಯನ್ನೂ ಲೆಕ್ಕ ಹಾಕಬೇಕು.

ಲೋಡ್ ತುಂಬಿದ ದೊಡ್ಡ ಲಾರಿ 100 ಕಿ.ಮೀ. ಓಡಿದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ? ಅಂದಾಜು ಲೆಕ್ಕ ಇಲ್ಲಿದೆ.

ಡೀಸೆಲ್: ಲೀಟರಿಗೆ 3 ಕಿ.ಮೀ. ಮೈಲೇಜ್ ಎಂದಿಟ್ಟುಕೊಂಡರೆ 33 ಲೀಟರ್ ಬೇಕು. ಒಂದು ಲೀಟರ್ ಉರಿದರೆ ಸುಮಾರು 2.7 ಕೆ.ಜಿ. ಬರುತ್ತದೆ (ಗಾಳಿಯ ಆಮ್ಲಜನಕವೂ ಸೇರುವುದರಿಂದ ತೂಕ ಹೆಚ್ಚು). ಅಲ್ಲಿಗೆ 90 ಕೆ.ಜಿ. ಕಚ್ಚಾ ತೈಲ ತೆಗೆದು, ಸಂಸ್ಕರಿಸಿ, ಸಾಗಿಸುವುದನ್ನೂ ಸೇರಿಸಿದರೆ 100 ದಾಟುತ್ತದೆ.

ಎಲೆಕ್ಟ್ರಿಕ್: ಸುಮಾರು 140 ಯೂನಿಟ್ ಕರೆಂಟ್ ಬೇಕು. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಅಂದರೆ ಇದೂ 100 ಕೆ.ಜಿ. ಆಸುಪಾಸು. ಇಷ್ಟರ ಮಟ್ಟಿಗೆ ಫಾರ್ವರ್ಡ್ ಸರಿ. ಆದರೆ ಲಾರಿ ಹತ್ತು ವರ್ಷಕ್ಕೂ ಮೀರಿ ಓಡುತ್ತದೆ. ಡೀಸೆಲ್ ಎಂದಿಗೂ ಅಷ್ಟೇ ಹೊಗೆ ಬಿಡುತ್ತದೆ. ಗ್ರಿಡ್‌ಗೆ ಸೌರ, ಪವನ ವಿದ್ಯುತ್ ಸೇರಿದಂತೆಲ್ಲ ಅದೇ ಎಲೆಕ್ಟ್ರಿಕ್ ಲಾರಿಯ ಲೆಕ್ಕ ಇಳಿಯುತ್ತದೆ. ಪಾವಗಡದಂಥ ಸೋಲಾರ್ ಪಾರ್ಕ್‌ಗಳ ಕರೆಂಟ್ ಸಿಗುವ ಹಗಲಲ್ಲಿ ಚಾರ್ಜ್ ಮಾಡಿದರೆ ಈಗಲೇ ಲಾಭ. ಬ್ಯಾಟರಿ ತಯಾರಿಕೆಗೂ ಹೊಗೆ ಬರುತ್ತದೆ, ನಿಜ. ಆದರೆ ಲಕ್ಷಾಂತರ ಕಿ.ಮೀ. ಓಡುವ ಲಾರಿಗೆ ಹಂಚಿದರೆ ಅದು ಸಣ್ಣ ಪಾಲು.

ಹೈಡ್ರೋಜನ್: ಸುಮಾರು 8 ಕೆ.ಜಿ. ಬೇಕು. ನೀರನ್ನು ಒಡೆದು ಒಂದು ಕೆ.ಜಿ. ಹೈಡ್ರೋಜನ್ ಪಡೆಯಲು 50 ಯೂನಿಟ್‌ಗೂ ಹೆಚ್ಚು ಕರೆಂಟ್ ಖರ್ಚು. ಆ ಕರೆಂಟ್ ಈಗಿನ ಗ್ರಿಡ್‌ನಿಂದ ಬಂದರೆ ಸುಮಾರು 300 ಕೆ.ಜಿ., ಡೀಸೆಲ್‌ಗಿಂತ ಎರಡೂವರೆ ಪಟ್ಟಿಗೂ ಹೆಚ್ಚು! ಪೂರ್ತಿ ಸೌರ ಅಥವಾ ಪವನ ವಿದ್ಯುತ್ತಿನಿಂದ ಮಾಡಿದರೆ ಮಾತ್ರ ಹೈಡ್ರೋಜನ್ ಸ್ವಚ್ಛ. ಆಗಲೂ ಅದೇ ದೂರಕ್ಕೆ ಬ್ಯಾಟರಿ ಲಾರಿಯ ಸುಮಾರು ಮೂರು ಪಟ್ಟು ಕರೆಂಟ್ ಬೇಕು.

ಎಲ್‌ಎನ್‌ಜಿ: ಉರಿದಾಗ ಡೀಸೆಲ್‌ಗಿಂತ ಕಡಿಮೆ ಕಾರ್ಬನ್. ಆದರೆ ಇದು ಬಹುಪಾಲು ಮೀಥೇನ್. ಉರಿಯದೆ ಸೋರಿದ ಮೀಥೇನ್, 20 ವರ್ಷಗಳ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಸ್ವಲ್ಪ ಸೋರಿದರೂ ಉಳಿತಾಯ ಕರಗುತ್ತದೆ.

ಒಟ್ಟಿನಲ್ಲಿ: ಎಲೆಕ್ಟ್ರಿಕ್ ಲಾರಿ ಇಂದು ಪವಾಡವಲ್ಲ, ಆದರೆ ವ್ಯರ್ಥವೂ ಅಲ್ಲ. ರಸ್ತೆ ಬದಿಯವರಿಗೆ ಡೀಸೆಲ್ ಹೊಗೆ ತಪ್ಪುವುದಂತೂ ಮೊದಲ ದಿನದಿಂದಲೇ. ಮುಂದಿನ ಸಲ "ಮಾಲಿನ್ಯವೇ ಇಲ್ಲ" ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಈ ಇಂಧನ ತಯಾರಾಗಿದ್ದು ಯಾವುದರಿಂದ?