ಭದ್ರಾವತಿಗೆ ಬಂದವರು

ಭದ್ರಾವತಿಯಲ್ಲಿ ನಾವು ಸಂಸ್ಕೃತ ಹೇಳಿಕೊಡುತ್ತಿದ್ದ ತರಗತಿಯಲ್ಲಿ ರಾಮಶಬ್ದವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಒಪ್ಪಿಸುತ್ತಿದ್ದವನು ಮನೆಯಲ್ಲಿ ತಮಿಳಾಡುವ ಹುಡುಗನು. ಅವನ ಅಜ್ಜನು ಸೇಲಂ ಸೀಮೆಯಿಂದ ಕೂಲಿಗಾಗಿ ಬಂದವನು. ಪಕ್ಕದಲ್ಲಿದ್ದವಳ ಮನೆಮಾತು ತೆಲುಗು. ಹಿಂದಿನ ಬೆಂಚಿನವನದು ಮಲೆಯಾಳ. ಆ ಊರಿನ ಸ್ವರೂಪವೇ ಅಂಥದು.

ಬೆಂಕಿಪುರವೆಂಬುದು ಅದರ ಹಳೆಯ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರ ಪ್ರಯತ್ನದಿಂದ, 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯು ಸ್ಥಾಪಿತವಾಯಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಜೊತೆಗೂಡಿತು. ಕುಲುಮೆಯ ಮುಂದೆ ನಿಲ್ಲಲು ನಾನಾ ಸೀಮೆಗಳಿಂದ ಜನರು ಬಂದರು. ಪರಸ್ಥಳದಿಂದ ಬಂದವನಿಗೆ ಬೇಕಾದುದೇನು? ತಲೆಯ ಮೇಲೊಂದು ಸೂರು, ಜ್ವರ ಬಂದರೆ ಔಷಧ, ಮಕ್ಕಳಿಗೆ ಅಕ್ಷರ. ಇವನ್ನೆಲ್ಲ ಕಾರ್ಖಾನೆಯೇ ಒದಗಿಸಿತು. ವಲಸೆ ಬಂದವರ ಸಹಾಯಾರ್ಥವೆಂದು ಬೇರೊಂದು ಬಾಬು ಬೇಕಾಗಿರಲಿಲ್ಲ. ಕಬ್ಬಿಣ ಮಾರಿದ ಹಣದಲ್ಲಿಯೇ ದಾದಿಯ ಸಂಬಳವೂ ಅಡಗಿತ್ತು.

ತರ್ಕಶಾಸ್ತ್ರವನ್ನು ಓದುವಾಗ, ಆಶ್ರಯವು ನಾಶವಾದರೆ ಆಶ್ರಿತವೂ ನಾಶವಾಗುವುದೆಂದು ನಾವು ಕಂಠಪಾಠ ಮಾಡಿದ್ದುಂಟು. ಗಡಿಗೆ ಒಡೆದರೆ ಗಡಿಗೆಯ ಬಣ್ಣವೂ ಹೋಯಿತೆಂಬುದು ಉದಾಹರಣೆ. ಆಗ ಅದು ಬರಿಯ ಗಡಿಗೆಯ ಮಾತಾಗಿತ್ತು.

ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ಸೇರಿಹೋಗಿತ್ತು. ಅದನ್ನು ಖಾಸಗಿಯವರಿಗೆ ಮಾರುವ ಯತ್ನವನ್ನು 2022ರಲ್ಲಿ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರವೇ ಹೊರಬಿದ್ದಿತು. ಗುತ್ತಿಗೆಯ ಕೆಲಸಗಾರರು ಧರಣಿ ಕುಳಿತರು. ಆ ವರ್ಷವೇ ಕೆಲವು ವಿಭಾಗಗಳು ಪುನಃ ನಡೆಯತೊಡಗಿದವೆಂಬುದು ನಿಜ. ಆದರೆ ಬಂಡವಾಳ ಬತ್ತಿದ ಸ್ಥಳದಲ್ಲಿ ಸಂಕೋಚವು ಮೊದಲು ತಟ್ಟುವುದು ಯಂತ್ರಕ್ಕಲ್ಲ. ವೈದ್ಯರು ನಿವೃತ್ತರಾದರೆ ಆ ಸ್ಥಾನ ಬರಿದಾಗಿಯೇ ಉಳಿಯುತ್ತದೆ. ಮಾಡು ಸೋರಿದರೆ ಕೇಳುವವರಿಲ್ಲ. ಉಪಾಧ್ಯಾಯರು ಒಬ್ಬೊಬ್ಬರಾಗಿ ಕಡಮೆಯಾಗುತ್ತಾರೆ. ಇದನ್ನು ವಲಸಿಗರ ಮೇಲಣ ಕಡಿತವೆಂದು ಯಾವ ಕಡತವೂ ಹೇಳುವುದಿಲ್ಲ.

ಹೊಳೆಹೊನ್ನೂರಿನ ಕಡೆಯ ಒಕ್ಕಲ ಮಗನು ಕೆಲಸ ಹೋದರೆ ತನ್ನ ಗದ್ದೆಗೆ ಹಿಂದಿರುಗಿಯಾನು. ಮೂರನೆಯ ತಲೆಮಾರಿನ ತಮಿಳನು ಹೋಗುವುದೆಲ್ಲಿಗೆ? ಸೇಲಮಿನಲ್ಲಿ ಅವನ ಗುರುತು ಹಿಡಿಯುವವರೂ ಇಲ್ಲ. ಕಾರ್ಖಾನೆಯ ಭವಿಷ್ಯವೇನೇ ಆಗಲಿ, ಆಸ್ಪತ್ರೆ ಶಾಲೆಗಳನ್ನಾದರೂ ಅದರ ಲಾಭನಷ್ಟದ ಲೆಕ್ಕದಿಂದ ಬಿಡಿಸಿ ಸರ್ಕಾರವು ವಹಿಸಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಮುಚ್ಚಿದ ಮೇಲೆ ಆಲೋಚಿಸುವ ವಿಷಯವಲ್ಲ ಇದು.

ಮೊನ್ನೆ ಆ ಶಿಷ್ಯನ ತಾಯಿಯವರು ಶಿವಮೊಗ್ಗೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ಮಂಡಿನೋವಿಗೆ ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಾಲಿನಲ್ಲಿ ನಿಂತು ದಣಿದಿದ್ದರು. “ಯಜಮಾನರು ಕೆಲಸದಲ್ಲಿದ್ದಾಗ ಮನೆಯ ಹಿಂದೆಯೇ ಆಸ್ಪತ್ರೆ ಇತ್ತು ಮೇಷ್ಟ್ರೇ. ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಕಾಸು ಕೇಳುವುದಿಲ್ಲ, ಅದೊಂದು ಪುಣ್ಯ. ಕಾಸು ಉಳಿಯಿತು, ಕಾಲು ಉಳಿಯಲಿಲ್ಲ” ಎಂದು ನಕ್ಕರು. ನಮ್ಮ ಮನೆಯಾಕೆ ಕಾಫಿ ಕೊಟ್ಟಳು.

ವಾಸದ ಮನೆಯನ್ನು ಬಿಡಿಸಬಾರದೆಂದು ಒಂದು ಅರ್ಜಿ ಬರೆದುಕೊಡಬೇಕೆಂಬುದು ಆಕೆಯ ಕೋರಿಕೆ. ಬರೆಯುತ್ತ ಬಂದು, ಸ್ವಂತ ಊರು ಎಂಬಲ್ಲಿಗೆ ಲೇಖನಿ ನಿಂತಿತು. ಏನು ಬರೆಯಲೆಂದು ಕೇಳಿದೆವು.

“ಇದೇನು ಹೀಗೆ ಕೇಳುತ್ತೀರಿ? ಭದ್ರಾವತಿ ಎಂದು ಬರೆಯಿರಿ” ಎಂದರು.