ಹಾಡುವವರು ಮಲಗಿರುವಾಗ ಎಚ್ಚರವಿರುವವನು

ಊರಿನಲ್ಲಿ ಸಂಗೀತ ಕಾರ್ಯಕ್ರಮವಾದರೆ ಹಾಡಿದವರು ಯಾರು, ತಬಲಾ ಸಾಥ್ ಯಾರದು, ಹಾರ್ಮೋನಿಯಂ ನುಡಿಸಿದವರು ಎಲ್ಲಿಯವರು ಎಂದು ನಾವೆಲ್ಲ ವಿಚಾರಿಸುತ್ತೇವೆ. ಮಂಟಪದವನ ಹೆಸರು, ಲೌಡ್‌ಸ್ಪೀಕರಿನವನ ಹೆಸರು ಕೂಡ ಆಭಾರ ಮನ್ನಣೆಯಲ್ಲಿ ಬರುತ್ತದೆ. ಆದರೆ ಅವರೆಲ್ಲರನ್ನು ರಾತ್ರಿಯಿಡೀ ದಾರಿ ಸಾಗಿಸಿ ಸುಖವಾಗಿ ತಂದು ಇಳಿಸಿದ ಡ್ರೈವರನ ಹೆಸರನ್ನು ಯಾರಾದರೂ ಕೇಳಿದ್ದನ್ನು ನಾವು ಕಂಡಿಲ್ಲ. ನಾವೂ ಕೇಳಿದವರಲ್ಲ.

ಅಮೆರಿಕ ಮತ್ತು ಯುರೋಪ ಖಂಡಗಳಲ್ಲಿ ಸಂಗೀತಗಾರರ ಬಸ್ಸು ನಡೆಸುವುದೇ ಒಂದು ಪ್ರತ್ಯೇಕ ಕಸಬು. ಅಲ್ಲಿಯ ಗಾಯಕರು ಮೇಳ ಕಟ್ಟಿಕೊಂಡು ತಿಂಗಳುಗಟ್ಟಲೆ ಊರಿಂದೂರಿಗೆ ತಿರುಗುತ್ತಾರೆ. ಇಂದು ಒಂದು ಪಟ್ಟಣವಾದರೆ ನಾಳೆ ಐದಾರುನೂರು ಕಿ.ಮೀ. ಆಚೆಯ ಮತ್ತೊಂದು ಪಟ್ಟಣ. ಹೀಗಾಗಿ ಮಲಗುವ ಬಸ್ಸೇ ಅವರ ಮನೆ. ಆ ಮನೆಯನ್ನು ಕತ್ತಲಲ್ಲಿ ನಡೆಸುವವನ ಬಾಳ್ವೆ ಹೇಗಿರುತ್ತದೆಂಬುದನ್ನು ಈ ಸಲ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ದೂರದೇಶದ ಸುದ್ದಿ ವ್ಯಾಪಾರಸ್ಥರಾದ ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮದೇ ಒಂದು ಯಾತ್ರೆಯ ಮಾತನ್ನು ಕೊನೆಗೆ ಹೇಳುವುದಿದೆ. ಅಲ್ಲಿಯವರೆಗೆ ತಾಳ್ಮೆಯಿರಲಿ.

ಕಾರಿನಿಂದ ಬಸ್ಸಿಗೆ

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರ ಅಲ್ಲಿಯ ಹಳ್ಳಿಸೊಗಡಿನ ಹಾಡುಗಳಿಗೆ ತವರು. 1925ರಲ್ಲಿ ಆರಂಭವಾದ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ರೇಡಿಯೋ ಕಾರ್ಯಕ್ರಮ ಶನಿವಾರದ ರಾತ್ರಿ ಅಲ್ಲಿಂದಲೇ ಪ್ರಸಾರವಾಗುತ್ತಿತ್ತು. ಗಾಯಕರು ವಾರವೆಲ್ಲ ಪರಊರುಗಳಲ್ಲಿ ಹಾಡಿ ಶನಿವಾರಕ್ಕೆ ಮರಳಿ ಬರಬೇಕು. ಮೊದಮೊದಲು ಈ ತಿರುಗಾಟವೆಲ್ಲ ಕಾರಿನಲ್ಲೇ ನಡೆಯುತ್ತಿತ್ತು. ಐದಾರು ಜನ ಒಳಗೆ ಇಕ್ಕಟ್ಟಾಗಿ ಕುಳಿತು, ದೊಡ್ಡ ವಾದ್ಯವನ್ನು ಮೇಲೆ ಕಟ್ಟಿಕೊಂಡು ಹೊರಡುತ್ತಿದ್ದರು.

ಆ ಕಾಲದ ಒಂದು ಘಟನೆ ಪ್ರಸಿದ್ಧವಾಗಿದೆ. ಹ್ಯಾಂಕ್ ವಿಲಿಯಮ್ಸ್ ಎಂಬ ಜನಪ್ರಿಯ ಗಾಯಕ ಹೊಸ ವರ್ಷದ ಕಾರ್ಯಕ್ರಮಕ್ಕೆಂದು ಓಹಾಯೋ ರಾಜ್ಯದ ಕ್ಯಾಂಟನ್ ಊರಿಗೆ ಹೊರಟಿದ್ದ. ಕಾರು ನಡೆಸಲು ಗೊತ್ತುಮಾಡಿದ್ದು ಒಬ್ಬ ಕಾಲೇಜು ಹುಡುಗನನ್ನು. ಗಾಯಕ ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿದ್ದಾನೆಂದು ತಿಳಿದು ಹುಡುಗ ಗಾಡಿ ಓಡಿಸುತ್ತಲೇ ಇದ್ದ. 1953ರ ಜನವರಿ 1ರಂದು ದಾರಿಯಲ್ಲಿ ನಿಲ್ಲಿಸಿ ನೋಡಿದಾಗ ಆತನ ಪ್ರಾಣ ಹೋಗಿತ್ತು. ವಯಸ್ಸು ಬರೀ 29.

ಕಾರು ಹೋಗಿ ಬಸ್ಸು ಬಂದರೂ ಕಷ್ಟ ತಪ್ಪಲಿಲ್ಲ. 1959ರ ಚಳಿಗಾಲದಲ್ಲಿ ಬಡಿ ಹಾಲಿ ಎಂಬ 22 ವರ್ಷದ ಗಾಯಕನ ಮೇಳ ಹಿಮ ಬೀಳುವ ಪ್ರದೇಶದಲ್ಲಿ ದಿನಕ್ಕೊಂದು ಊರಿನಂತೆ ತಿರುಗುತ್ತಿತ್ತು. ಬಸ್ಸಿನ ಹೀಟರು ಪದೇ ಪದೇ ಕೆಡುತ್ತಿತ್ತು. ಡ್ರಮ್ ಬಾರಿಸುವವನ ಕಾಲುಗಳು ಚಳಿಗೆ ಮರಗಟ್ಟಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬೇಸತ್ತ ಹಾಲಿ ಮುಂದಿನ ಊರಿಗೆ ಸಣ್ಣ ವಿಮಾನ ಗೊತ್ತುಮಾಡಿಕೊಂಡ. ಫೆಬ್ರುವರಿ 3ರಂದು ಆ ವಿಮಾನ ಅಯೋವಾ ರಾಜ್ಯದ ಹೊಲವೊಂದರಲ್ಲಿ ಬಿದ್ದು ಮೂವರು ಗಾಯಕರೂ ಪೈಲಟನೂ ತೀರಿಕೊಂಡರು. ಬಸ್ಸು ನೆಟ್ಟಗಿದ್ದರೆ ಅವರು ವಿಮಾನ ಹತ್ತುತ್ತಿರಲಿಲ್ಲ.

ಚಲಿಸುವ ಮನೆ

ಇಂದಿನ ಬಸ್ಸುಗಳೇ ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1924ರಲ್ಲಿ ಆರಂಭವಾದ ಪ್ರೆವೋ ಎಂಬ ಕಂಪನಿಯ ಗಾಡಿಗಳಿಗೆ ಈ ಕೆಲಸದಲ್ಲಿ ದೊಡ್ಡ ಹೆಸರು. 45 ಅಡಿ ಉದ್ದದ ಬರಿಯ ಬಸ್ಸನ್ನು ಕೊಂಡು ಒಳಗೆ ಮನೆಯಂತೆ ಕಟ್ಟಿಸುತ್ತಾರೆ. ಮುಂಭಾಗದಲ್ಲಿ ಸೋಫಾ, ಫ್ರಿಜ್, ಚಹಾ ಕಾಸುವ ವ್ಯವಸ್ಥೆ. ಹಿಂದೆ ಒಂದು ಕೋಣೆ. ನಡುವೆ ಎರಡೂ ಬದಿಗೆ ಮೂರು ಅಂತಸ್ತಿನಲ್ಲಿ ಸಾಮಾನ್ಯವಾಗಿ 12 ಮಲಗುವ ಗೂಡುಗಳು. ಪ್ರತಿ ಗೂಡಿಗೂ ಒಂದು ಪರದೆ. ತಿಂಗಳುಗಟ್ಟಲೆ ಜೊತೆಗಿರುವವರಿಗೆ ಏಕಾಂತವೆಂದರೆ ಆ ಪರದೆಯಷ್ಟೇ.

ಈ ಮನೆಗೆ ಅದರದೇ ಕಟ್ಟಳೆಗಳಿವೆ. ಮಲಗುವಾಗ ಕಾಲು ಡ್ರೈವರನ ದಿಕ್ಕಿಗಿರಬೇಕು. ಗಕ್ಕನೆ ಬ್ರೇಕು ಬಿದ್ದರೆ ಪೆಟ್ಟು ಕಾಲಿಗಾಗಲಿ, ಕುತ್ತಿಗೆಗೆ ಬೇಡ. ಬಸ್ಸಿನ ಪಾಯಖಾನೆ ಒಂದಕ್ಕೆ ಮಾತ್ರ. ಎರಡಕ್ಕೆ ಹೋಗಬೇಕಾದರೆ ಡ್ರೈವರನಿಗೆ ಹೇಳಿ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಬೇಕು. ನಡುರಾತ್ರಿ ಗಾಡಿ ನಿಂತಾಗ ಇಳಿಯುವವರು ಡ್ರೈವರನಿಗೆ ತಿಳಿಸದೆ ಇಳಿಯಕೂಡದು. ಹಾಗೆ ಇಳಿದವರು ಮರಳಿ ಬರುವಷ್ಟರಲ್ಲಿ ಬಸ್ಸು ಹೋಗಿ, ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿರುತ್ತದೆಂದು ಅವರು ಚೇಷ್ಟೆ ಮಾಡುತ್ತಾರೆ. ಗಾಯಕ ಎಷ್ಟೇ ಹೆಸರಾಂತನಾಗಿರಲಿ, ಚಕ್ರ ತಿರುಗುವಾಗ ಅಲ್ಲಿ ಡ್ರೈವರನ ಮಾತೇ ಕಡೆಯದು.

ಅವನ ಹಗಲು, ಅವನ ರಾತ್ರಿ

ಕಾರ್ಯಕ್ರಮ ರಾತ್ರಿ ಹನ್ನೊಂದಕ್ಕೆ ಮುಗಿಯಿತೆನ್ನಿ. ಸಾಮಾನು ಕಟ್ಟಿ ಲಾರಿಗೆ ಏರಿಸಿ, ಉಂಡು ಮುಗಿಸುವಷ್ಟರಲ್ಲಿ ಒಂದು ಗಂಟೆ. ಆಗ ಡ್ರೈವರನ ದಿನ ಆರಂಭವಾಗುತ್ತದೆ. ಟೈರು, ದೀಪ, ಎಣ್ಣೆ ನೋಡಿಕೊಂಡು, ಬಂದವರ ತಲೆ ಎಣಿಸಿಕೊಂಡು ಹೊರಡುತ್ತಾನೆ. ಸ್ವಲ್ಪ ಹೊತ್ತು ಮುಂದೆ ಕುಳಿತು ಹರಟುವವರು ಇರುತ್ತಾರೆ. ಎರಡಾಗುತ್ತಲೇ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಆಮೇಲೆ ಅವನೂ ರಸ್ತೆಯೂ ಇಬ್ಬರೇ. ಮಲಗಿದವರಿಗೆ ಕುಲುಕಾಟ ಗೊತ್ತಾಗದಂತೆ ತಿರುವಿನಲ್ಲಿ ವೇಗ ಇಳಿಸುವುದು, ಬ್ರೇಕನ್ನು ಮೆಲ್ಲಗೆ ಒತ್ತುವುದು ಈ ಕಸಬಿನ ಹೆಚ್ಚುಗಾರಿಕೆ.

ಬೆಳಿಗ್ಗೆ ಎಂಟರ ಸುಮಾರಿಗೆ ಮುಂದಿನ ಸಭಾಗೃಹದ ಹಿತ್ತಲಿನಲ್ಲಿ ಗಾಡಿ ನಿಲ್ಲಿಸಿ ಕರೆಂಟಿನ ತಂತಿ ಜೋಡಿಸುತ್ತಾನೆ. ಒಳಗಿನವರು ಇನ್ನೂ ನಿದ್ರೆಯಲ್ಲಿರುತ್ತಾರೆ. ಅವನಿಗೆ ಗೊತ್ತುಮಾಡಿದ ಹೋಟೆಲ್ ಕೋಣೆಗೆ ಹೋಗಿ, ಕಿಟಕಿಗೆ ದಪ್ಪ ಪರದೆ ಎಳೆದು ಮಲಗುತ್ತಾನೆ. ಇಡೀ ಊರು ಎದ್ದು ಗದ್ದಲ ಮಾಡುವ ಹೊತ್ತು ಅವನ ನಿದ್ರೆಯ ಹೊತ್ತು. ಸಂಜೆ ಎದ್ದು ಬಸ್ಸು ಗುಡಿಸಿ ಒರೆಸಿ, ಡೀಸೆಲ್ ಹಾಕಿಸಿ, ನೀರು ತುಂಬಿ, ಹೊಲಸು ನೀರನ್ನು ನೇಮಿಸಿದ ಜಾಗದಲ್ಲಿ ಖಾಲಿ ಮಾಡಬೇಕು. ಹೊರಗೆ ಸಾವಿರಾರು ಜನ ಚಪ್ಪಾಳೆ ತಟ್ಟುವಾಗ ಆತ ಬಹುತೇಕ ಬಸ್ಸಿನಲ್ಲೇ ಇರುತ್ತಾನೆ. ಯಾರ ಹಾಡಿಗಾಗಿ ದುಡಿಯುತ್ತಾನೋ ಆ ಹಾಡನ್ನು ಕೇಳುವುದು ಅಪರೂಪ. ಮಕ್ಕಳ ಹುಟ್ಟುಹಬ್ಬ, ಶಾಲೆಯ ಸ್ನೇಹ ಸಮ್ಮೇಳನಗಳೆಲ್ಲ ಅವನಿಗೆ ಫೋನಿನಲ್ಲೇ ಆಗುತ್ತವೆ.

ಗಡಿಯಾರದ ಕಾಯಿದೆ

ಇವನ ನಿದ್ರೆಯನ್ನು ಅಲ್ಲಿಯ ಸರಕಾರಗಳು ಅವನ ಮನಸ್ಸಿಗಾಗಲಿ, ಮಾಲೀಕನ ದಯೆಗಾಗಲಿ ಬಿಟ್ಟಿಲ್ಲ. ಅಮೆರಿಕದ ನಿಯಮದಂತೆ ಜನರನ್ನು ಸಾಗಿಸುವ ಬಸ್ಸಿನ ಡ್ರೈವರನು 8 ತಾಸು ಸತತ ವಿಶ್ರಾಂತಿಯ ನಂತರ ಹೆಚ್ಚೆಂದರೆ 10 ತಾಸು ಗಾಡಿ ನಡೆಸಬಹುದು. ಕೆಲಸಕ್ಕೆ ನಿಂತು 15 ತಾಸಾದ ಮೇಲೆ ಚಕ್ರ ಮುಟ್ಟುವಂತಿಲ್ಲ. ದಾರಿ ಅದಕ್ಕೂ ದೂರವಾದರೆ ಎರಡನೆಯ ಡ್ರೈವರ ಬೇಕೇ ಬೇಕು. ಯುರೋಪ ಒಕ್ಕೂಟದ 2006ರ ನಿಯಮ ಇನ್ನೂ ಬಿಗಿ: ಸಾಮಾನ್ಯವಾಗಿ ದಿನಕ್ಕೆ 9 ತಾಸು, ನಾಲ್ಕೂವರೆ ತಾಸಿಗೊಮ್ಮೆ 45 ನಿಮಿಷದ ಬಿಡುವು, ಎರಡು ವಾರ ಕೂಡಿ 90 ತಾಸು ಮೀರಕೂಡದು. ಟ್ಯಾಕೋಗ್ರಾಫ್ ಎಂಬ ಯಂತ್ರ ಇದೆಲ್ಲವನ್ನೂ ಬರೆದಿಡುತ್ತದೆ. ನಮ್ಮ ಖಾತೆವಹಿಯಂತೆ ಅದು ಜಮಾ-ಖರ್ಚು ಬರೆಯುತ್ತದೆ, ಆದರೆ ರೂಪಾಯಿಯದಲ್ಲ, ನಿದ್ರೆಯದು.

ಇಷ್ಟು ಬಿಗಿ ಏಕೆ? ಮನುಷ್ಯನ ದೇಹಕ್ಕೆ ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ನಿದ್ರೆಯ ಸೆಳೆತ ಬಹಳ. ಚಹಾ, ಎಲೆ-ಅಡಿಕೆ, ಹಾಡು ಯಾವುದೂ ಅದಕ್ಕೆ ಪೂರ್ತಿ ಮದ್ದಲ್ಲ. ನಿದ್ರೆಗೆ ಮದ್ದು ನಿದ್ರೆಯೊಂದೇ.

ದಾರಿಯ ಅಪಾಯ ಎಂಥದೆಂಬುದಕ್ಕೆ ಎರಡು ಉದಾಹರಣೆ ಸಾಕು. 1986ರ ಸೆಪ್ಟೆಂಬರ್ 27ರ ನಸುಕಿನಲ್ಲಿ ಸ್ವೀಡನ್ ದೇಶದಲ್ಲಿ ಮೆಟಾಲಿಕಾ ಎಂಬ ತಂಡದ ಬಸ್ಸು ರಸ್ತೆ ತಪ್ಪಿ ಮಗುಚಿತು. ಗೂಡಿನಲ್ಲಿ ಮಲಗಿದ್ದ 24 ವರ್ಷದ ವಾದಕ ಕ್ಲಿಫ್ ಬರ್ಟನ್ ಹೊರಗೆಸೆಯಲ್ಪಟ್ಟು ಬಸ್ಸಿನಡಿ ಸಿಕ್ಕು ಮೃತನಾದ. 1990ರ ಮಾರ್ಚ್ 20ರಂದು ಪೆನ್ಸಿಲ್ವೇನಿಯಾದ ಹಿಮದ ರಸ್ತೆಯಲ್ಲಿ ಗಾಯಕಿ ಗ್ಲೋರಿಯಾ ಎಸ್ಟೆಫಾನ್ ಅವರ ಬಸ್ಸಿಗೆ ಹಿಂದಿನಿಂದ ಲಾರಿ ಬಡಿಯಿತು. ಬೆನ್ನುಮೂಳೆ ಮುರಿದು, ಲೋಹದ ಸರಳುಗಳನ್ನು ಹಾಕಿಸಿಕೊಂಡು, ಆಕೆ ವೇದಿಕೆಗೆ ಮರಳಿದ್ದು 1991ರಲ್ಲಿ.

ಡ್ರೈವರನ ಎಚ್ಚರ ತಪ್ಪುವುದು ರಸ್ತೆಯ ಮೇಲೆ ಮಾತ್ರವಲ್ಲ. 2004ರ ಆಗಸ್ಟ್ 8ರಂದು ಶಿಕಾಗೊ ನಗರದಲ್ಲಿ ಡೇವ್ ಮ್ಯಾಥ್ಯೂಸ್ ತಂಡದ ಬಸ್ಸುಗಳಲ್ಲೊಂದರ ಡ್ರೈವರ ಸೇತುವೆ ದಾಟುತ್ತ ಹೊಲಸು ನೀರಿನ ಟಾಕಿಯನ್ನು ತೆರೆದುಬಿಟ್ಟ. ಕೆಳಗೆ ಪ್ರವಾಸಿಗರು ತುಂಬಿದ ದೋಣಿ ಹೋಗುತ್ತಿತ್ತು! ಡ್ರೈವರನಿಗೆ ದಂಡವೂ 150 ತಾಸಿನ ಸಮಾಜಸೇವೆಯ ಶಿಕ್ಷೆಯೂ ಆಯಿತು. ತಂಡದವರು ಪರಿಹಾರವಾಗಿ 2 ಲಕ್ಷ ಡಾಲರ್ ತೆತ್ತರು. ಆ ಹೊತ್ತಿಗೆ ಬಸ್ಸಿನಲ್ಲಿ ಹಾಡುವವರು ಇರಲೂ ಇಲ್ಲ. ಆದರೂ ಕೆಟ್ಟ ಹೆಸರು ಬಂದದ್ದು ಅವರಿಗೇ. ಗುಮಾಸ್ತ ತೂಕದಲ್ಲಿ ತಪ್ಪಿದರೆ ಊರವರು ಹೇಳುವುದು ಅಂಗಡಿಯ ಹೆಸರನ್ನಲ್ಲವೆ?

2020ರ ಮಾರ್ಚಿನಲ್ಲಿ ಕೊರೋನಾದಿಂದ ಕಾರ್ಯಕ್ರಮಗಳೆಲ್ಲ ನಿಂತಾಗ ಈ ಬಸ್ಸುಗಳು ಸಾಲಾಗಿ ನಿಂತವು. ಹಲವು ಡ್ರೈವರರು ಸರಕು ಲಾರಿಗಳಿಗೆ ಹೋದರು. ಮುಂದೆ ಸಂಗೀತ ಮತ್ತೆ ಆರಂಭವಾದಾಗ ನುರಿತವರು ಸಿಗದೆ ತಂಡಗಳು ಪರದಾಡಿದವು. ಆಗಲಾದರೂ ಅವರ ಬೆಲೆ ತಿಳಿಯಿತು.

ನಮ್ಮ ಕಡೆಯ ಮಾತು

ಕಾಸರಗೋಡಿನ ಬಂಧುಗಳಿಗೆ ಈ ತಿರುಗಾಟ ಹೊಸದಲ್ಲ. ಯಕ್ಷಗಾನ ಮೇಳಗಳು ಪತ್ತನಾಜೆಯವರೆಗೆ ಊರೂರು ಸುತ್ತುತ್ತವೆ. ಭಾಗವತರು, ಚೆಂಡೆ-ಮದ್ದಳೆಯವರು, ವೇಷಧಾರಿಗಳೆಲ್ಲ ಮೇಳದ ಗಾಡಿಯನ್ನೇ ನೆಚ್ಚಿದವರು. ರಾತ್ರಿಯಿಡೀ ಆಟವಾದರೆ ಅಲ್ಲಿ ಲೆಕ್ಕ ತಿರುಗುಮುರುಗು: ಕಲಾವಿದರು ಎಚ್ಚರ, ಡ್ರೈವರ ಚೆಂಡೆಯ ಸದ್ದಿನಲ್ಲೇ ನಿದ್ರೆ ಮಾಡಬೇಕು.

ನಮ್ಮ ದೇಶದಲ್ಲೂ ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಸಾಮಾನ್ಯವಾಗಿ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಬರೆದಿತ್ತು. ಬರೆದದ್ದು ಬರೆದಲ್ಲೇ ಉಳಿಯುವುದಕ್ಕೆ ನಮ್ಮಂಥವರೂ ಕಾರಣ. ಈಗ ನಮ್ಮ ಯಾತ್ರೆಯ ಮಾತು.

2018ರ ಮಹಾಮಸ್ತಕಾಭಿಷೇಕಕ್ಕೆಂದು ಸೊಲ್ಲಾಪುರದಿಂದ ನಮ್ಮ ಭಜನಾ ಮಂಡಳಿ ಶ್ರವಣಬೆಳಗೊಳಕ್ಕೆ ಹೊರಟಿತು. ಹಾರ್ಮೋನಿಯಂ, ತಬಲಾ, ತಾಳಗಳ ಸಮೇತ ನಾವು ಮೂವತ್ತೆಂಟು ಜನ. ಆ ಮಟ್ಟಿಗೆ ನಾವೂ ಸಂಗೀತದವರೇ! ದಾರಿ ಸುಮಾರು 600 ಕಿ.ಮೀ. ಬಸ್ಸಿನ ಮಾಲೀಕರು ಇಬ್ಬರು ಡ್ರೈವರರನ್ನು ಕೊಡುತ್ತೇವೆಂದರು. ನಾವು ವ್ಯಾಪಾರಸ್ಥರು, ಒಬ್ಬನೇ ಸಾಕೆಂದು ಚೌಕಾಸಿ ಮಾಡಿ ಎರಡು ಸಾವಿರ ರೂಪಾಯಿ ಇಳಿಸಿದೆವು. ಇಳಿಸಿದ್ದಕ್ಕೆ ಬೆನ್ನು ತಟ್ಟಿಕೊಂಡೆವು.

ಹಿರಿಯೂರಿನ ದಾರಿ ಸಮೀಪಿಸುತ್ತಿದ್ದಾಗ ಬೆಳಗಿನ ನಾಲ್ಕರ ಸುಮಾರಿಗೆ ಬಸ್ಸು ಮೆಲ್ಲಗೆ ಎಡಕ್ಕೆ ಸರಿದು ಡಾಂಬರು ಬಿಟ್ಟು ಮಣ್ಣಿಗಿಳಿಯಿತು. ಕೊಂಬೆಗಳು ಕಿಟಕಿಗೆ ಬಡಿದ ಸದ್ದಿಗೆ ಡ್ರೈವರನು ಎಚ್ಚೆತ್ತು ಬ್ರೇಕು ಹಾಕಿದ. ಮುಂದೆ ಹತ್ತು ಹೆಜ್ಜೆಗೆ ಮೋರಿಯ ಕಟ್ಟೆಯಿತ್ತು. ನಮ್ಮ ಅಕ್ಕನವರೊಬ್ಬರ ಹಣೆಗೆ ಮೂರು ಹೊಲಿಗೆ ಬಿದ್ದದ್ದು ಬಿಟ್ಟರೆ ಎಲ್ಲರೂ ಪಾರಾದೆವು. ತರುಣರು ಕೈ ಎತ್ತುವ ಹಾಗೆ ಮುನ್ನುಗ್ಗಿದರು. ಹಿರಿಯರಾದ ನಮ್ಮ ಕಾಕಾ ಅವರನ್ನು ತಡೆದು, ನಡುಗುತ್ತ ಕುಳಿತಿದ್ದ ಡ್ರೈವರನಿಗೆ ನೀರು ಕೊಟ್ಟು ಕೇಳಿದರು:

“ನಿದ್ದಿ ಆಗಿಲ್ಲೇನಪಾ?”

“ಎರಡು ರಾತ್ರಿ ಆತ್ರೀ ಅಣ್ಣಾರ. ಬ್ಯಾರೇ ಟ್ರಿಪ್ ಮುಗಿಸಿ ಮುಂಜಾನಿ ಬಂದಿದ್ನಿರಿ.”

“ಹೊರಡೂ ಮುಂದ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ರೀ.”

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸೂರ್ಯೋದಯದ ನಂತರವೂ ಎರಡು ತಾಸು ಅವನನ್ನು ಬಸ್ಸಿನಲ್ಲೇ ಮಲಗಿಸಿ ನಾವು ಕೆಳಗೆ ಚಾಪೆ ಹಾಸಿ ಕುಳಿತೆವು. ಆಗ ಕಾಕಾ ಸ್ವಾಧ್ಯಾಯದ ಮಾತೊಂದನ್ನು ನೆನಪಿಸಿದರು. ಹದಿನೈದು ಪ್ರಮಾದಗಳನ್ನು ನಾವು ಚಿಕ್ಕಂದಿನಿಂದ ಬಾಯಿಪಾಠ ಹೇಳುತ್ತ ಬಂದಿದ್ದೇವೆ. ನಿದ್ರೆ ಅವುಗಳಲ್ಲಿ ಒಂದು; ಅದು ಡ್ರೈವರನದು. ನಾಲ್ಕು ಕಷಾಯಗಳೂ ಅದೇ ಪಟ್ಟಿಯಲ್ಲಿವೆ. ಅವುಗಳಲ್ಲಿಯ ಲೋಭ ನಮ್ಮದು. “ಅವನ ಪ್ರಮಾದಕ್ಕ ಎರಡು ರಾತ್ರಿಯ ಕಾರಣ ಐತಿ. ನಮ್ಮದಕ್ಕ ಏನೈತಿ?” ಎಂದರು. ಎದ್ದ ಮೇಲೆ ನಾವು ಡ್ರೈವರನ ಹೆಸರು, ಊರು, ಮಕ್ಕಳೆಷ್ಟು ಎಂದು ಕೇಳಿದೆವು. ಹನ್ನೆರಡು ತಾಸು ಅವನ ಕೈಯಲ್ಲಿ ಜೀವ ಕೊಟ್ಟು ಕುಳಿತ ಮೇಲೆ ಕೇಳಿದ್ದು!

ಅಂದಿನಿಂದ ಮಂಡಳಿ ಕೆಲವು ಕ್ರಮ ಇಟ್ಟುಕೊಂಡಿದೆ. 400 ಕಿ.ಮೀ. ಮೀರಿದ ಯಾತ್ರೆಗೆ ಇಬ್ಬರು ಡ್ರೈವರರು, ಇಲ್ಲವೆ ನಡುವೆ ಒಂದು ರಾತ್ರಿ ಧರ್ಮಶಾಲೆಯಲ್ಲಿ ವಸತಿ. ಡ್ರೈವರನಿಗೆ ನಮ್ಮ ಪಂಕ್ತಿಯಲ್ಲೇ ಊಟ, ಗದ್ದಲವಿಲ್ಲದ ಕೋಣೆಯಲ್ಲಿ ಹಾಸಿಗೆ. ಹೊರಡುವ ಮುಂಚೆ ಮೊದಲ ಪ್ರಶ್ನೆ, “ನಿದ್ದಿ ಆಗೇತೇನು?” ಅಡತ ಅಂಗಡಿಯ ಬಂಧುಗಳಿಗೂ ಒಂದು ಬಿನ್ನಹ: ಬೆಳಗಾಗುವುದರೊಳಗೆ ಮಾಲು ಮುಟ್ಟಲೇಬೇಕೆಂದು ಲಾರಿಯವನಿಗೆ ತಾಕೀತು ಮಾಡುವಾಗ ಆತ ಹಿಂದಿನ ರಾತ್ರಿ ಎಲ್ಲಿದ್ದನೆಂದು ಒಮ್ಮೆ ಕೇಳಿ.

ನಮ್ಮ ಯಾತ್ರೆಯ ಜಮಾ-ಖರ್ಚಿನಲ್ಲಿ ಈಗ ‘ಎರಡನೆಯ ಡ್ರೈವರ’ ಎಂಬ ಒಂದು ಬಾಬತ್ತು ಹೆಚ್ಚಾಗಿದೆ. ಬಾಡಿಗೆಯಲ್ಲಿ, ಊಟದಲ್ಲಿ ನಾವು ಇನ್ನೂ ಚೌಕಾಸಿ ಮಾಡುತ್ತೇವೆ. ಅದು ನಮ್ಮ ರಕ್ತದಲ್ಲಿದೆ. ಆ ಒಂದು ಬಾಬತ್ತಿನಲ್ಲಿ ಮಾತ್ರ ಮಾಡಕೂಡದೆಂದು ಠರಾವಾಗಿದೆ.